ನಾನು ಬರೆಸದೆ ಬಿಟ್ಟ ಹೆಸರು

ನನಗೆ ಟಿಬಿ ಇತ್ತು. ಈಗ ಇಲ್ಲ. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದೆ. ಕಫದ ಪರೀಕ್ಷೆ ಸರಿಯಾಗಿ ಬಂತು, ಚೀಟಿಯ ಮೇಲೆ ‘ಗುಣಮುಖ’ ಎಂದು ಬರೆದುಕೊಟ್ಟರು. ಟಿಬಿ ವಿಭಾಗದಲ್ಲಿ ಕೆಲಸ ಮಾಡುವ ಮಂಜುಳಾ ಮೇಡಂ ಹೋದ ವರ್ಷ ಒಂದು ಸಭೆಗೆ ಕರೆದು, ಇಷ್ಟನ್ನೇ ನಾಲ್ಕು ಜನರ ಎದುರು ಹೇಳು, ವಾಸಿಯಾದವರ ಬಾಯಿಂದ ಕೇಳಿದರೆ ರೋಗ ಬಂದವರಿಗೆ ಧೈರ್ಯ ಬರುತ್ತದೆ ಎಂದರು. ನಾನು ಹೋದೆ. ಮೈಕ್ ಹಿಡಿದು ಇಷ್ಟನ್ನೇ ಹೇಳಿ ಕೂತೆ. ಚಪ್ಪಾಳೆ ಹೊಡೆದರು. ಮನೆಗೆ ಬಂದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಅದು ಅರ್ಧ ಮಾತ್ರ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವವರ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಚೈತ್ರಾಳ ಹೆಸರನ್ನು ಮಾತ್ರ ಬದಲಿಸಿಲ್ಲ.

ಚೈತ್ರಾ ನನ್ನ ನಾದಿನಿ, ಗಂಡನ ತಂಗಿ. ನಮ್ಮ ಮನೆ ದಾವಣಗೆರೆಯ ಶಾಮನೂರಿನಲ್ಲಿ. ಮನೆಯಲ್ಲಿ ನನ್ನ ಗಂಡ ಹಾಲೇಶ, ಅತ್ತೆ ಗೌರಮ್ಮ, ಚೈತ್ರಾ ಮತ್ತು ನಾನು, ಹೀಗೆ ನಾಲ್ಕು ಜನ. ಹಾಲೇಶ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಾನೂ ಚೈತ್ರಾಳೂ ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದೆವು. ಮಂಡಿಪೇಟೆಯ ಎರಡು ಅಂಗಡಿಗಳಿಂದ ಸೀರೆ ಬರುತ್ತಿದ್ದವು. ಸೆರಗನ್ನು ಮಂಚದ ಅಂಚಿಗೆ ಪಿನ್ನು ಹಾಕಿ ನಿಲ್ಲಿಸಿ, ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನೆಲದ ಮೇಲೆ ಕೂರುತ್ತಿದ್ದೆವು. ಫ್ಯಾನು ಹಾಕುವಂತಿರಲಿಲ್ಲ, ರೇಷ್ಮೆ ಎಳೆ ಹಾರಿ ಸಿಕ್ಕಾಗುತ್ತದೆ. ಕಿಟಕಿ ತೆಗೆಯುವಂತಿರಲಿಲ್ಲ, ಸುತ್ತ ಹೊಸ ಲೇಔಟಿನ ಮನೆಗಳು ಏಳುತ್ತಿದ್ದರಿಂದ ಸಿಮೆಂಟಿನ ಧೂಳು ಬಂದು ಸೀರೆ ಕೊಳೆಯಾಗುತ್ತದೆ. ಆ ಚಿಕ್ಕ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾವಿಬ್ಬರೂ ಒಂದೇ ಗಾಳಿ ಉಸಿರಾಡಿದೆವು. ಆಗ ಅದನ್ನು ಹಾಗೆ ಯೋಚಿಸಿರಲಿಲ್ಲ. ಚೈತ್ರಾ ಮಾತಿನ ಮಲ್ಲಿ. ಅವಳ ಜೊತೆ ಕೂತರೆ ಬೆನ್ನು ನೋವೂ ಮರೆತುಹೋಗುತ್ತಿತ್ತು.

ಆಷಾಢದಲ್ಲಿ ನನಗೆ ಕೆಮ್ಮು ಹತ್ತಿತು. ಧೂಳಿನ ಕೆಮ್ಮು ಎಂದುಕೊಂಡೆವು. ಹತ್ತಿರದ ಕ್ಲಿನಿಕ್ಕಿನಲ್ಲಿ ಔಷಧಿ ಕೊಟ್ಟರು, ಕಡಿಮೆಯಾದಂತಾಗಿ ಮತ್ತೆ ಬಂತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ನಾನು ಸೊರಗುತ್ತಿದ್ದುದನ್ನು ಮೊದಲು ಕಂಡವಳು ಚೈತ್ರಾ. ನನ್ನ ರವಿಕೆಗಳನ್ನು ತೆಗೆದುಕೊಂಡು ಎರಡೂ ಪಕ್ಕ ಒಳಗೆ ಹೊಲಿಗೆ ಹಾಕಿಕೊಟ್ಟಳು. ಹದಿನೈದು ದಿನ ಕಳೆದ ಮೇಲೆ ಮತ್ತೆ ಹಾಕಬೇಕಾಯಿತು.

ಒಂದು ಮಧ್ಯಾಹ್ನ ಕೆಲಸ ಮಾಡುತ್ತಿದ್ದಾಗ ಕೆಮ್ಮು ಒತ್ತರಿಸಿ ಬಂತು. ಬಾಯಿಗೆ ಕೈ ಅಡ್ಡ ಹಿಡಿದೆ. ಬೆರಳ ಸಂದಿಯಿಂದ ಕೆಂಪು ಹನಿಯೊಂದು ಯಾರದೋ ಕೆನೆಬಣ್ಣದ ಸೀರೆಯ ಮೇಲೆ ಬಿತ್ತು. ಚೈತ್ರಾ ನನ್ನ ಮುಖ ನೋಡಲಿಲ್ಲ. ಸೀರೆಯನ್ನು ಬಿಡಿಸಿಕೊಂಡು ಬಚ್ಚಲಿಗೆ ಹೋಗಿ, ತಣ್ಣೀರಿಗೆ ಉಪ್ಪು ಹಾಕಿ ಉಜ್ಜಿ ಉಜ್ಜಿ ಕಲೆ ತೆಗೆದಳು. ಬಂದು ಕೂತು, “ಅಣ್ಣಗ ಹೇಳ್ತೀನಿ ಅತ್ತಿಗೆ, ಇದು ಧೂಳಿಂದಲ್ಲ” ಎಂದಳು.

ಮರುದಿನ ಹಾಲೇಶ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಚಿಕ್ಕ ಡಬ್ಬಿಯಲ್ಲಿ ಕಫ ಕೊಟ್ಟು ಬಂದು, ವರದಿಗೆ ಮತ್ತೆ ಹೋಗಬೇಕಿತ್ತು. ಟಿಬಿ ವಿಭಾಗದ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬರ ಪಕ್ಕ ಒಬ್ಬರು ಕೂರುತ್ತಿರಲಿಲ್ಲ, ನಡುವೆ ಒಂದಾಳಿನ ಜಾಗ ಬಿಡುತ್ತಿದ್ದರು. ವಯಸ್ಸಾದವರೊಬ್ಬರು ತಮ್ಮ ಫೈಲಿನ ಮೇಲೆ ಪೇಪರ್ ಸುತ್ತಿ ಇಟ್ಟುಕೊಂಡಿದ್ದರು. ಇನ್ನೊಬ್ಬ ಹೆಣ್ಣುಮಗಳು ಮುಖಕ್ಕೆ ಸೆರಗು ಹೊದ್ದು ಗೋಡೆಯ ಕಡೆ ತಿರುಗಿ ಕೂತಿದ್ದಳು. ಡಾಕ್ಟರು ಟಿಬಿ ಎಂದಾಗ ಹಾಲೇಶ ನನ್ನ ಮುಖ ನೋಡಲಿಲ್ಲ. ಯಾರಿಗಾದರೂ ಕೇಳಿಸಿತೇ ಎಂದು ಬಾಗಿಲ ಕಡೆ ನೋಡಿದರು. ಅದನ್ನು ನಾನು ಅವರ ಮೇಲಿನ ಸಿಟ್ಟಿನಿಂದ ಬರೆಯುತ್ತಿಲ್ಲ. ನಾನೂ ಆ ಕಡೆಯೇ ನೋಡಿದ್ದೆ.

ಮನೆಗೆ ಬಂದು ಹೇಳಿದಾಗ ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದು, “ಚೈತ್ರಾನ ಮಾತುಕತಿ ಆಗೈತಲ್ಲೋ ಹಾಲೇಶ” ಎಂದರು. ಹರಿಹರದ ಒಂದು ಮನೆಯವರು ಅವಳನ್ನು ಒಪ್ಪಿ ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಹುಡುಗನ ಹೆಸರು ಪ್ರವೀಣ, ಒಳ್ಳೆಯ ವ್ಯಾಪಾರಸ್ಥರ ಮನೆತನ. ಕಾರ್ತಿಕ ಮುಗಿದ ಮೇಲೆ ಮದುವೆ ಎಂದು ಆಗಿತ್ತು.

“ಯಾರಿಗೂ ಹೇಳಬ್ಯಾಡ. ನಿಮೋನಿಯಾ ಆಗೈತೆ ಅನ್ನು. ಹುಡುಗಿ ಮನ್ಯಾಗ ಈ ರೋಗ ಐತೆ ಅಂದ್ರೆ ನಾಳೆನೇ ಬ್ಯಾಡ ಅಂತಾರೆ ಅವರು.” ನನ್ನ ಕಡೆ ತಿರುಗಿ ಅತ್ತೆ ಮುಂದುವರಿಸಿದರು. “ನಿನ್ನ ತವರಿಗೆ ಕಳಸಲ್ಲ ನಿನ್ನ. ಇಲ್ಲೇ ಇರು, ನಾವೇ ನೋಡ್ಕೋತೀವಿ. ಇದೊಂದು ಮಾತು ನಡಸಿಕೊಡು.”

ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಅಣ್ಣನ ಮನೆಗೆ ಈ ರೋಗ ಹೊತ್ತು ಹೋಗುವ ಹಾಗಿರಲಿಲ್ಲ. ಅತ್ತೆಯ ಮಾತು ಆ ದಿನ ನನಗೆ ದೊಡ್ಡ ಉಪಕಾರದಂತೆ ಕೇಳಿಸಿತು. ಹೂಂ ಎಂದೆ.

ನನ್ನ ತಟ್ಟೆ ಲೋಟ ಬೇರೆಯಾದವು. ಅವು ಅಡುಗೆಮನೆಯಲ್ಲಿ ಇರುವಂತಿರಲಿಲ್ಲ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇದ್ದವು. ಕಿಟಕಿ ತೆರೆದಿಡಿ, ಗಾಳಿ ಬೆಳಕು ಬರಲಿ ಎಂದು ಡಾಕ್ಟರು ಹೇಳಿದ್ದರು. ನನ್ನ ಕೆಮ್ಮು ಪಕ್ಕದ ಮನೆಗೆ ಕೇಳಿಸಬಾರದೆಂದು ಅತ್ತೆ ಇದ್ದ ಕಿಟಕಿಗಳನ್ನೂ ಮುಚ್ಚಿದರು. ಚೈತ್ರಾ ಮಾತ್ರ ಮೊದಲಿನ ಹಾಗೇ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಮೊದಲು ಕೆಲವು ದಿನ ದೂರ ಕೂರು ಎಂದೆ. “ಅಷ್ಟು ದೂರ ಕುಂತ್ರೆ ದಾರ ಯಾರು ಹಿಡೀತಾರೆ?” ಎಂದಳು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಇಡೀ ಮನೆಯಲ್ಲಿ ನನ್ನ ಹತ್ತಿರ ಬಂದು ಕೂರುತ್ತಿದ್ದವಳು ಅವಳೊಬ್ಬಳೇ. ಅವಳನ್ನೂ ದೂರ ಕಳಿಸುವಷ್ಟು ಗಟ್ಟಿ ಮನಸ್ಸು ನನಗಿರಲಿಲ್ಲ.

ಒಂದು ವಾರಕ್ಕೆ ಮಂಜುಳಾ ಮೇಡಂ ಫೋನು ಮಾಡಿದರು. ಮನೆಗೆ ಬರುತ್ತೇನೆ, ಮನೆಯವರನ್ನೆಲ್ಲ ಪರೀಕ್ಷೆ ಮಾಡಿಸಬೇಕು, ಬೇಕಾದವರಿಗೆ ರೋಗ ಬರದ ಹಾಗೆ ಮಾತ್ರೆ ಕೊಡುತ್ತೇವೆ ಎಂದರು. ಅತ್ತೆ ಗಾಬರಿಯಾದರು. ಚೈತ್ರಾಳ ಹೆಸರು ಸರ್ಕಾರದ ಪಟ್ಟಿಗೆ ಬಿದ್ದರೆ ಹರಿಹರಕ್ಕೆ ಗೊತ್ತಾಗದೆ ಇರುತ್ತದೆಯೇ ಎಂಬುದು ಅವರ ಭಯ. ಮೇಡಂ ಬರುವ ದಿನ ಬೆಳಿಗ್ಗೆ ಅವಳನ್ನು ಕಡರನಾಯಕನಹಳ್ಳಿಯ ಸೋದರತ್ತೆಯ ಮನೆಗೆ ಕಳಿಸುವುದು ಎಂದಾಯಿತು. ಹೊರಡುವ ಮುಂಚೆ ಚೈತ್ರಾ ನನ್ನ ಕೋಣೆಗೆ ಬಂದಳು.

“ಅತ್ತಿಗೆ, ನನ್ನ ಹೆಸರು ಹೇಳಬ್ಯಾಡ್ರಿ. ನಂಗೇನೂ ಆಗಿಲ್ಲ. ಪ್ರವೀಣ ದಿನಾ ಫೋನ್ ಮಾಡ್ತಾರೆ.” ಅವಳ ಮುಖ ಕೆಂಪಾಯಿತು. “ನಂಗೂ ಅವರು ಮನಸಿಗೆ ಬಂದಾರೆ.”

ಮಂಜುಳಾ ಮೇಡಂ ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಬಿಸಿಲಿನಲ್ಲಿ ಸ್ಕೂಟರಿನಲ್ಲಿ ಬಂದು ಬೆವರುತ್ತಿದ್ದರು. ಅತ್ತೆ ಕೊಟ್ಟ ನೀರು ಕುಡಿದು, ಪೆನ್ನು ತೆಗೆದು ನನ್ನನ್ನೇ ಕೇಳಿದರು: “ಮನ್ಯಾಗ ಯಾರ್ಯಾರು ಇರ್ತೀರಿ?”

“ನಾವು ಮೂರೇ ಜನ ರೀ” ಎಂದೆ.

ಅವರು ಕೋಣೆಯೊಳಗೆ ಕಣ್ಣು ಹಾಯಿಸಿದರು. ಮಂಚದ ಅಂಚಿನಲ್ಲಿ ಅರ್ಧ ಕಟ್ಟಿದ ಎರಡು ಸೆರಗುಗಳು ಇಳಿಬಿದ್ದಿದ್ದವು. “ಎರಡು ಸೀರಿ ಒಟ್ಟಿಗೇ ಕಟ್ತೀರೇನು?”

“ಹೂಂ ರೀ. ಬೇಜಾರಾದಾಗ ಅದೊಂದು, ಇದೊಂದು.”

ಅವರು ಮೂರು ಹೆಸರು ಬರೆದುಕೊಂಡರು. ಅತ್ತೆಗೂ ಹಾಲೇಶನಿಗೂ ಪರೀಕ್ಷೆಯಾಯಿತು, ಏನೂ ಇರಲಿಲ್ಲ. ಇಬ್ಬರಿಗೂ ಮಾತ್ರೆ ಕೊಟ್ಟರು.

ನನ್ನ ಮಾತ್ರೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ತಿಂಗಳು ನುಂಗಿದ ಕೂಡಲೇ ಹೊಟ್ಟೆ ತೊಳಸುತ್ತಿತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹೆದರಿದೆ, ಅದು ಹಾಗೇ ಇರುತ್ತದೆ ಎಂದರು ಮೇಡಂ. ದೀಪಾವಳಿಯ ಹೊತ್ತಿಗೆ ಕೆಮ್ಮು ನಿಂತಿತ್ತು, ರವಿಕೆಗಳ ಹೊಲಿಗೆಯನ್ನು ಚೈತ್ರಾ ಒಂದೊಂದಾಗಿ ಬಿಚ್ಚಿಕೊಟ್ಟಳು. ಅದೇ ಹೊತ್ತಿಗೆ ಅವಳ ಕೆನ್ನೆ ಒಳಗೆ ಹೋಗತೊಡಗಿತು. ಬಂದವರೆಲ್ಲ ಮದುವೆಗೆಂದು ತೆಳ್ಳಗಾಗಿದ್ದೀಯಾ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೀಯಾ ಎನ್ನುತ್ತಿದ್ದರು. ಬೆಳಿಗ್ಗೆ ಎದ್ದಾಗ ಸಣ್ಣದಾಗಿ ಎರಡು ಸಲ ಕೆಮ್ಮುತ್ತಿದ್ದಳು. ನಾನು ಕೇಳಿಸಿಕೊಂಡೆ. ಹಾಲೇಶನಿಗೆ ಹೇಳಿದೆ.

“ಮದುವಿ ಓಡಾಟ ಅದು. ಮದುವಿ ಒಂದು ಆಗ್ಲಿ, ಆಮ್ಯಾಲೆ ತೋರ್ಸಾಣ” ಎಂದರು.

ಇನ್ನೊಂದು ಸಲ ಹೇಳಬೇಕಿತ್ತು. ಹೇಳಲಿಲ್ಲ. ಮದುವೆ ಮುರಿದುಬಿದ್ದರೆ ನನ್ನಿಂದಲೇ ಎಂಬ ಮಾತು ಜೀವಮಾನವಿಡೀ ಕೇಳಬೇಕಾಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ಅವಳಿಗೇನೂ ಇರಲಾರದು ಎಂದು ನಂಬಿಕೊಂಡರೆ ನನಗೇ ಹಗುರವಾಗುತ್ತಿತ್ತು.

ಹರಿಹರದಲ್ಲಿ ಮದುವೆ ಚೆನ್ನಾಗಿಯೇ ನಡೆಯಿತು. ಚೈತ್ರಾ ಹೋದ ಮೇಲೆ ಆ ಕೋಣೆಯಲ್ಲಿ ಒಬ್ಬಳೇ ಕೂತು ಕುಚ್ಚು ಕಟ್ಟಿದೆ. ಶಿವರಾತ್ರಿಯ ಸುಮಾರಿಗೆ ನನ್ನ ಮಾತ್ರೆಗಳು ಮುಗಿದವು. ಅತ್ತೆ ನನ್ನ ತಟ್ಟೆಯನ್ನು ಅಡುಗೆಮನೆಯೊಳಗೆ ತಂದಿಟ್ಟರು. ಅದಾದ ನಾಲ್ಕೈದು ದಿನಕ್ಕೆ ಚೈತ್ರಾ ಫೋನು ಮಾಡಿದಳು. ತಗ್ಗಿದ ದನಿ, ಹಿಂದೆ ನಲ್ಲಿಯಿಂದ ನೀರು ಬೀಳುವ ಸದ್ದು. ಬಚ್ಚಲಿನಲ್ಲಿ ನಿಂತು ಮಾತಾಡುತ್ತಿದ್ದಾಳೆಂದು ಗೊತ್ತಾಯಿತು.

“ಅತ್ತಿಗೆ, ನಿಮಗೆ ಮೊದ್ಲು ಹೆಂಗಾಗ್ತಿತ್ತು?”

“ಯಾಕ ಚೈತ್ರಾ?”

“ಸಂಜಿಗೆ ಜ್ವರ ಬರ್ತಾವ. ತಲಿನೋವು ಬಿಡವಲ್ದು. ಇವರೆಲ್ಲ ಹೊಟ್ಟೀಲಿ ಐತೇನೋ ಅಂತ ಖುಷಿಯಾಗಿದಾರೆ.” ದನಿಯನ್ನು ಇನ್ನೂ ತಗ್ಗಿಸಿ ಕೇಳಿದಳು: “ನಿಮ್ಮ ಮಾತ್ರಿ ಏನಾದ್ರೂ ಉಳಿದಾವ?”

ಒಂದೂ ಉಳಿದಿರಲಿಲ್ಲ. ಉಳಿದಿದ್ದರೂ ಹಾಗೆ ಕದ್ದು ಮಾತ್ರೆ ನುಂಗಿ ವಾಸಿಯಾಗುವ ರೋಗ ಅದಲ್ಲ. ಅವರಿಗೆ ಹೇಳು, ನಾಳೆಯೇ ಆಸ್ಪತ್ರೆಗೆ ಹೋಗು ಎಂದೆ. “ಏನಂತ ಹೇಳ್ಲಿ? ನಮ್ಮತ್ತಿಗಿಗೆ ಇತ್ತು, ಮುಚ್ಚಿಟ್ಟು ಮದುವಿ ಮಾಡಿದ್ರು ಅಂತ ಹೇಳ್ಲಾ?” ಎಂದಳು.

ಹಾಲೇಶನಿಗೂ ಅತ್ತೆಗೂ ಅಂದೇ ಹೇಳಿದೆ. ಈ ಸಲ ಅವರಿಬ್ಬರೂ ಹೆದರಿದರು. ಆದರೂ ಯುಗಾದಿಗೆ ಹೇಗೂ ತವರಿಗೆ ಬರುತ್ತಾಳೆ, ನಾಲ್ಕು ದಿನ ಇಟ್ಟುಕೊಂಡು ಸದ್ದಿಲ್ಲದೆ ತೋರಿಸೋಣ ಎಂದು ತೀರ್ಮಾನವಾಯಿತು. ಯುಗಾದಿಗೆ ಇನ್ನೂ ಮೂರು ವಾರವಿತ್ತು. ಹಬ್ಬದ ದಿನ ಚೈತ್ರಾ ಗಂಡನ ಜೊತೆ ಬಂದಳು. ಹೋಳಿಗೆಯನ್ನು ಮುರಿದು ತಟ್ಟೆಯಲ್ಲೇ ಬಿಟ್ಟಳು. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಹೊರಗೆ ಬರಲಿಲ್ಲ. ಎರಡು ದಿನ ಬಿಟ್ಟುಹೋಗಿ ಎಂದು ಅತ್ತೆ ಕೇಳಿಕೊಂಡರು. ಮನೆಯಲ್ಲಿ ನೆಂಟರಿದ್ದಾರೆ, ಮುಂದಿನ ವಾರ ಕಳಿಸುತ್ತೇನೆ ಎಂದು ಪ್ರವೀಣ ಸಂಜೆ ಕರೆದುಕೊಂಡು ಹೋದರು. ಅವರಿಗೆ ಏನೂ ಗೊತ್ತಿರಲಿಲ್ಲ. ಪ್ರವೀಣ, ಅತ್ತೆ, ಹಾಲೇಶ, ನಾನು ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದೆವು. ನಾನು ಬಾಯಿ ತೆರೆಯಬಹುದಿತ್ತು.

ಆರನೆಯ ದಿನ ಬೆಳಿಗ್ಗೆ ಅವಳು ಎದ್ದೇಳಲಿಲ್ಲ. ಕೂಗಿದರೆ ಕಣ್ಣು ತೆರೆಯುತ್ತಿದ್ದಳಂತೆ, ಮಾತಿಲ್ಲ. ಹರಿಹರದಿಂದ ನೇರ ದಾವಣಗೆರೆಯ ದೊಡ್ಡಾಸ್ಪತ್ರೆಗೆ ತಂದರು. ನಾವು ಹೋಗುವಷ್ಟರಲ್ಲಿ ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ವಾರ್ಡಿನ ಹೊರಗೆ ಪ್ರವೀಣ, ಅವರ ತಂದೆ ತಾಯಿ, ಈ ಕಡೆ ನಾವು ಮೂವರು ನಿಂತಿದ್ದೆವು. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಹೊರಗೆ ಬಂದರು. ಮೆದುಳಿನ ಪೊರೆಗೆ ಸೋಂಕಾಗಿದೆ ಎಂದು ಹೇಳಿ ಕೇಳಿದರು: “ಮನೇಲಿ ಯಾರಿಗಾದ್ರೂ ಟಿಬಿ ಇತ್ತಾ?”

ಅತ್ತೆ ತಕ್ಷಣ, “ಇಲ್ರಿ, ಯಾರಿಗೂ ಇಲ್ಲ” ಎಂದರು.

ಡಾಕ್ಟರು ತಿರುಗಿ ಒಳಗೆ ಹೋಗುವವರಿದ್ದರು.

“ನನಗಿತ್ತು ರೀ. ಹೋದ ಶ್ರಾವಣದಾಗ. ಅಕಿ ನನ್ನ ಪಕ್ಕದಾಗೇ ಕುಂದ್ರುತಿದ್ಲು” ಎಂದೆ.

ಯಾರೂ ಕೂಗಾಡಲಿಲ್ಲ. ಪ್ರವೀಣನ ತಾಯಿ ನನ್ನನ್ನು ಬಹಳ ಹೊತ್ತು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದರು. ಪ್ರವೀಣನ ತಂದೆ ಹಾಲೇಶನಿಗೆ, “ಗೊತ್ತಿದ್ದೂ ಕೊಟ್ರಿ ನೀವು” ಎಂದರು. ಅಷ್ಟೇ. ಮಧ್ಯಾಹ್ನದೊಳಗೆ ಅವರಿಬ್ಬರೂ ಹೊರಟುಹೋದರು. ಪ್ರವೀಣ ಎರಡು ದಿನ ಇದ್ದರು. ಮೂರನೆಯ ದಿನ ಬಟ್ಟೆ ಬದಲಿಸಿ ಬರುತ್ತೇನೆಂದು ಹೋದವರು ಮತ್ತೆ ಬರಲಿಲ್ಲ.

ಅದೇ ಮಧ್ಯಾಹ್ನ ಔಷಧಿ ಶುರು ಮಾಡಿದರು. ಇನ್ನೂ ಒಂದು ತಿಂಗಳು ಮುಂಚೆ ತಂದಿದ್ದರೆ ಏನಾಗುತ್ತಿತ್ತು ಎಂದು ನಾನು ಆ ಡಾಕ್ಟರನ್ನು ಕೇಳಿದೆ. “ಈಗ ಅದನ್ನ ಕೇಳಬೇಡಿ” ಎಂದರು. ಆ ಉತ್ತರವೇ ನನಗೆ ಸಾಕಾಯಿತು.

ಹದಿನೆಂಟು ದಿನ ಅವಳು ಅಲ್ಲಿದ್ದಳು. ಒಮ್ಮೊಮ್ಮೆ ನನ್ನ ಬೆರಳು ಹಿಡಿದು ಹಿಚುಕುತ್ತಿದ್ದಳು. ಗುರುತು ಹಿಡಿದು ಮಾಡುತ್ತಿದ್ದಳೋ ಇಲ್ಲವೋ ತಿಳಿಯದು. ಪಕ್ಕದ ಹಾಸಿಗೆಯಲ್ಲಿ ತಮ್ಮ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಜಗಳೂರು ಕಡೆಯ ಹೆಂಗಸೊಬ್ಬರು ದಿನವೂ ಚೈತ್ರಾಳ ತಲೆ ಬಾಚಿ ಜಡೆ ಹಾಕುತ್ತಿದ್ದರು. ಯಾವ ರೋಗ ಎಂದು ಅವರಿಗೆ ಗೊತ್ತಿತ್ತು. “ಕೂದ್ಲು ಗಂಟಾದ್ರೆ ಆಮ್ಯಾಲೆ ಕತ್ತರಿಸಬೇಕಾಗತೈತೆ, ಹುಡುಗಿ ಎದ್ದಾಗ ಬೇಜಾರು ಮಾಡ್ಕೋತಾಳೆ” ಎನ್ನುತ್ತಿದ್ದರು. ಆ ಹದಿನೆಂಟು ದಿನಗಳಲ್ಲಿ ಅವಳು ಎದ್ದೇಳುತ್ತಾಳೆ ಎಂದು ಮಾತಾಡಿದವರು ಅವರೊಬ್ಬರೇ.

ಮಂಜುಳಾ ಮೇಡಂ ಬಂದರು. ವಾರ್ಡಿನ ಹೊರಗಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು, ನಡುವೆ ಜಾಗ ಬಿಡದೆ. ಬೈಯುತ್ತಾರೆಂದು ಕಾದೆ. “ಊಟ ಮಾಡಿದ್ಯೇನು?” ಎಂದು ಕೇಳಿದರು. ನನಗೆ ಅಳು ಬಂತು. ಅಂದು ಸುಳ್ಳು ಹೇಳಿದೆ ಮೇಡಂ ಎಂದೆ. ಅವರು ತಮ್ಮ ಚೀಲದ ಹಿಡಿಕೆಯನ್ನೇ ನೋಡುತ್ತಾ, “ನಾನೂ ಆ ಎರಡು ಸೀರಿ ನೋಡಿದ್ದೆನಲ್ಲ. ಇನ್ನೊಂದು ಸಲ ಬರಬೇಕಿತ್ತು” ಎಂದರು. ಆಮೇಲೆ ಹರಿಹರದ ವಿಳಾಸ ಬರೆದುಕೊಂಡರು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಚೈತ್ರಾ ತೀರಿಕೊಂಡಳು. ಅವಳಿಗೆ ಇಪ್ಪತ್ತಮೂರು ವರ್ಷ.

ಮಣ್ಣಿಗೆ ಬಂದವರಿಗೆಲ್ಲ ಅತ್ತೆ ಮೆದುಳು ಜ್ವರ ಎಂದು ಹೇಳಿದರು. ಈಗಲೂ ಹಾಗೇ ಹೇಳುತ್ತಾರೆ. ನನ್ನ ಜೊತೆ ಅವರು ಮಾತಾಡುವುದಿಲ್ಲ. ಮೇಡಂ ಎದುರು ಮೂರೇ ಜನ ಎಂದೆನಲ್ಲ, ಅದಕ್ಕಲ್ಲ ಅವರಿಗೆ ನನ್ನ ಮೇಲೆ ಸಿಟ್ಟು. ಆಸ್ಪತ್ರೆಯಲ್ಲಿ ಬೀಗರ ಎದುರು ನಿಜ ಹೇಳಿದೆನಲ್ಲ, ಅದಕ್ಕೆ. ಅವಳು ಗಂಡನ ತೊಡೆಯ ಮೇಲೆ ಪ್ರಾಣ ಬಿಡಬೇಕಿತ್ತು, ನೀನು ಅದನ್ನೂ ತಪ್ಪಿಸಿದೆ ಎಂದು ಒಮ್ಮೆ ಅಂದರು. ಅದೇ ನನ್ನೊಂದಿಗೆ ಅವರ ಕೊನೆಯ ಮಾತು. ಹಾಲೇಶ ಮಾತಾಡುತ್ತಾರೆ, ಬೇಕಾದಷ್ಟು ಮಾತ್ರ. ತಂಗಿಯ ಹೆಸರು ಎತ್ತುವುದಿಲ್ಲ.

ಚೈತ್ರಾ ಹರಿಹರದ ಆ ಮನೆಯಲ್ಲಿ ಸುಮಾರು ನಾಲ್ಕು ತಿಂಗಳು ಇದ್ದಳು, ಕೆಮ್ಮುತ್ತಾ. ಅಲ್ಲಿ ಪ್ರವೀಣನ ಅಣ್ಣನ ಸಂಸಾರವೂ ಇದೆ. ಅಣ್ಣನ ಹೆಂಡತಿ ಸವಿತಾ, ಅವಳಿಗೊಂದು ಪುಟ್ಟ ಹೆಣ್ಣುಮಗು. ಮಗು ಸದಾ ಚೈತ್ರಾಳ ಸೊಂಟದ ಮೇಲೇ ಇರುತ್ತಿತ್ತು, ಅವಳೇ ಫೋಟೋ ಕಳಿಸುತ್ತಿದ್ದಳು. ಅಲ್ಲಿಯ ಆರೋಗ್ಯ ಕಾರ್ಯಕರ್ತೆ ಎರಡು ಸಲ ಹೋದರೂ ಆ ಮನೆಯವರು ಒಳಗೆ ಬಿಡಲಿಲ್ಲ ಎಂದು ಮಂಜುಳಾ ಮೇಡಂ ಹೇಳಿದರು. ತಿಂಗಳು ಕಳೆದ ಮೇಲೆ ನಾನೇ ಬಸ್ಸು ಹತ್ತಿ ಹರಿಹರಕ್ಕೆ ಹೋದೆ, ಮನೆಯಲ್ಲಿ ಯಾರಿಗೂ ಹೇಳದೆ.

ಪ್ರವೀಣನ ತಾಯಿ ಗೇಟಿನ ಒಳಗೇ ನಿಂತು ಮಾತಾಡಿದರು. “ಯಾಕ ಬಂದಿ?”

“ಅಮ್ಮಾ, ನನ್ನ ಬೈಯ್ರಿ, ಏನಾದ್ರೂ ಅನ್ರಿ. ಮನ್ಯಾಗ ಎಲ್ಲರೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ರಿ. ಮಗು ಐತೆ. ಸಣ್ಣ ಮಕ್ಕಳಿಗೆ ಬೇಗ ಹತ್ತತೈತೆ.”

“ನಮ್ಮನ್ಯಾಗ ಎಲ್ಲರೂ ಚಲೋ ಅದೀವಿ. ನಮ್ಮ ಹುಡುಗಗ ಇನ್ನೊಂದು ಹೆಣ್ಣು ನೋಡಾಕ ಹತ್ತೀವಿ. ನಿನಗ ಕೈ ಮುಗಿತೀನಿ, ಮತ್ತ ಈ ಓಣಿಗೆ ಬರಬ್ಯಾಡ” ಎಂದರು. ನಿಜವಾಗಿಯೂ ಕೈ ಮುಗಿದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಓಣಿಯ ತಿರುವಿನವರೆಗೆ ಬಂದಿದ್ದೆ. ಹಿಂದಿನಿಂದ ಸವಿತಾ ಬೇಗಬೇಗ ಬಂದಳು. ಕೈಯಲ್ಲಿ ಖಾಲಿ ಹಾಲಿನ ಕ್ಯಾನು, ಹಾಲು ತರುವ ನೆಪ ಮಾಡಿಕೊಂಡು ಬಂದಿರಬೇಕು.

“ಅಕ್ಕಾ, ದಾವಣಗೇರಿ ಆಸ್ಪತ್ರಿಯಾಗ ಎಲ್ಲಿ ತೋರಸಬೇಕು? ಪಾಪು ರಾತ್ರಿ ಬೆವರ್ತಾಳೆ. ಊಟ ಸೇರವಲ್ದು.”

ಯಾವ ಬಾಗಿಲು, ಯಾವ ಕೋಣೆ ಎಂದೆಲ್ಲ ಹೇಳಿದೆ. ಇಲ್ಲೇ ಹರಿಹರದಲ್ಲೂ ನೋಡುತ್ತಾರೆ ಎಂದೆ. ಇಲ್ಲಿ ಬೇಡ, ಗುರುತಿನವರಿದ್ದಾರೆ ಎಂದಳು. ಸೋಮವಾರ ತವರಿಗೆ ಹೋಗುತ್ತೇನೆಂದು ಹೇಳಿ ದಾವಣಗೆರೆಗೆ ಬರುತ್ತೇನೆ, ನೀವು ಅಲ್ಲಿರಿ, ಆದರೆ ನನ್ನ ಮಗಳ ಹೆಸರು ಬೇರೆ ಬರೆಸುತ್ತೇನೆ ಎಂದಳು. ಯಾವ ಹೆಸರಾದರೂ ಬರೆಸು, ಬಾ ಎಂದೆ.

ಸೋಮವಾರ ಒಂಬತ್ತಕ್ಕೇ ಹೋಗಿ ಆ ಬೆಂಚಿನ ಮೇಲೆ ಕೂತೆ. ಹೊಸಬರು ಬಂದರು, ಹೋದರು. ಮಗು ಎತ್ತಿಕೊಂಡ ಯಾರೇ ಬಂದರೂ ಎದ್ದು ನಿಲ್ಲುತ್ತಿದ್ದೆ. ಮಧ್ಯಾಹ್ನ ಒಂದು ಗಂಟೆಯಾದರೂ ಸವಿತಾ ಬರಲಿಲ್ಲ. ಅವಳು ಕೊಟ್ಟಿದ್ದ ನಂಬರಿಗೆ ಫೋನು ಮಾಡಿದರೆ ರಿಂಗಾಗಿ ನಿಂತಿತು, ಎರಡನೆಯ ಸಲ ಸ್ವಿಚ್ ಆಫ್. ಮಂಗಳವಾರವೂ ಹೋದೆ. ಮುಂದಿನ ಸೋಮವಾರವೂ. ಹರಿಹರದ ಕಾರ್ಯಕರ್ತೆಯನ್ನು ಮೇಡಂ ಮತ್ತೆ ಕಳಿಸಿದರು. ಸೊಸೆ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ, ಯಾವಾಗ ಬರುತ್ತಾಳೋ ಗೊತ್ತಿಲ್ಲ ಎಂದರಂತೆ. ತವರು ಯಾವ ಊರು ಎಂದು ಕೇಳಿದರೆ ಹೇಳಲಿಲ್ಲವಂತೆ.

ಆ ಮಗುವಿಗೆ ಈಗ ಮೂರು ತುಂಬಿರಬೇಕು. ಅವಳನ್ನು ಎಲ್ಲಿಯಾದರೂ ತೋರಿಸಿದರೋ ಇಲ್ಲವೋ, ಹೇಗಿದ್ದಾಳೋ, ನನಗೆ ಗೊತ್ತಿಲ್ಲ. ಅವಳ ನಿಜವಾದ ಹೆಸರೇನೆಂದು ಸವಿತಾಳನ್ನು ಕೇಳಬೇಕೆಂದು ಆ ದಿನ ನನಗೆ ಹೊಳೆಯಲೇ ಇಲ್ಲ.